ಬಾರ್ಶಿಯ ಬೋರ್ಡಿನ ಮೇಲಿನ ಹೆಸರು



ಮೇ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಸಂಜೆಯ ಜಪಮಾಲೆಗೆ ಒಂದು ಕಳೆ ಬರುತ್ತದೆ. ಮಾತೆ ಮರಿಯಳಿಗೆ ಮೀಸಲಾದ ತಿಂಗಳು ಇದು. ತಾಯಂದಿರ ದಿನವೂ ಇದೇ ತಿಂಗಳಲ್ಲಿ ಬರುತ್ತದೆ. ಈ ಸಲದ ಅಂಕಣಕ್ಕೆ ಏನು ಬರೆಯೋಣ ಎಂದು ಯೋಚಿಸುತ್ತಾ ಕುಳಿತಾಗ ನಮಗೆ ಕೆಲವು ವರ್ಷಗಳ ಹಿಂದಿನ ಒಂದು ಬಸ್ಸು ಪ್ರಯಾಣ ನೆನಪಾಯಿತು.

ನಮ್ಮ ಧರ್ಮಕೇಂದ್ರದ ಒಬ್ಬ ತಾಯಿಯನ್ನು ಕರೆದುಕೊಂಡು ನಾವು ಸೋಲಾಪುರದಿಂದ ಬಾರ್ಶಿಗೆ ಹೊರಟಿದ್ದೆವು. ವೈರಾಗ್ ದಾರಿಯಾಗಿ ಸುಮಾರು 70 ಕಿಲೋಮೀಟರ್. ಆ ತಾಯಿಗೆ ಐವತ್ತು ದಾಟಿತ್ತು. ಮುಟ್ಟು ನಿಂತ ಮೇಲೂ ರಕ್ತಸ್ರಾವ ಆಗುತ್ತಿದ್ದುದನ್ನು ಒಂದು ವರ್ಷದ ಕಾಲ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು. ಗಂಡನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಲು ಸಂಕೋಚ, ಮಗನ ಕೈಯಲ್ಲಿ ಹಣವಿಲ್ಲ ಎಂಬ ಚಿಂತೆ. ಕೊನೆಗೆ ಒಂದು ಭಾನುವಾರ ಬಲಿಪೂಜೆಯ ನಡುವೆ ಬೆಂಚಿನ ಮೇಲೇ ಕುಸಿದಾಗ ಸಂಗತಿ ಹೊರಬಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಅವರು ತಲೆಯೆತ್ತಿ ಬೋರ್ಡು ನೋಡಿದರು. ಮರಾಠಿ ಓದಲು ಅವರಿಗೆ ಚೆನ್ನಾಗಿ ಬರುತ್ತಿತ್ತು. ನಿಧಾನವಾಗಿ ಅಕ್ಷರ ಕೂಡಿಸಿ ಓದಿ, ನಮ್ಮ ಕಡೆ ತಿರುಗಿ, "ಈಕೆ ಮದರ್ ಇಂಡಿಯಾದ ನರ್ಗಿಸ್ ಅಲ್ಲವೇನ್ರಿ? ಈಕೆ ಹೆಸರು ಇಲ್ಲಿ ಯಾಕೆ ಬಂತು?" ಎಂದು ಕೇಳಿದರು. ಅಷ್ಟು ನೋವಿನಲ್ಲೂ ಅವರ ಮುಖದ ಮೇಲೆ ಒಂದು ಪರಿಚಯದ ನಗು ಮೂಡಿತ್ತು. ಹುಡುಗಿಯಾಗಿದ್ದಾಗ ನೆಲದ ಮೇಲೆ ಕುಳಿತು ಆ ಸಿನಿಮಾ ನೋಡಿ ಅತ್ತಿದ್ದರಂತೆ.

ಅಂದು ಅವರಿಗೆ ನಾವು ಸರಿಯಾದ ಉತ್ತರ ಕೊಡಲಿಲ್ಲ. "ಹೌದು, ಅವರೇ. ಅವರಿಗೂ ಇದೇ ರೋಗ ಬಂದಿತ್ತು" ಎಂದಷ್ಟೇ ಹೇಳಿದೆವು. ಉತ್ತರ ಅಷ್ಟು ಚಿಕ್ಕದಲ್ಲ. ಇಂದು ಅದನ್ನು ಪೂರ್ತಿಯಾಗಿ ಹೇಳುವ ಆಸೆ.

ಡಾಕ್ಟರಾಗಬೇಕೆಂದಿದ್ದ ಹುಡುಗಿ

ನರ್ಗಿಸ್ ಹುಟ್ಟಿದ್ದು 1929ರ ಜೂನ್ 1ರಂದು, ಕಲ್ಕತ್ತಾದಲ್ಲಿ. ಮನೆಯವರು ಇಟ್ಟ ಹೆಸರು ಫಾತಿಮಾ ರಶೀದ್. ತಾಯಿ ಜದ್ದನ್‌ಬಾಯಿ ಹೆಸರಾಂತ ಗಾಯಕಿ. ಮೆಹಫಿಲ್‌ಗಳಲ್ಲಿ ಹಾಡುವ ಹೆಣ್ಣುಮಕ್ಕಳ ಪರಂಪರೆಯಿಂದ ಬಂದವರು. ಆ ಕಾಲದ ಸಮಾಜ ಅಂಥವರ ಹಾಡನ್ನು ಮೆಚ್ಚುತ್ತಿತ್ತು, ಆದರೆ ಅವರನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ. ತಂದೆ ಉತ್ತಮಚಂದ್ ಮೋಹನಚಂದ್ ರಾವಲ್ಪಿಂಡಿಯ ಕಡೆಯ ಅನುಕೂಲಸ್ಥ ಬ್ರಾಹ್ಮಣ ಕುಟುಂಬದವರು. ವೈದ್ಯ ಶಿಕ್ಷಣಕ್ಕೆಂದು ಇಂಗ್ಲೆಂಡಿಗೆ ಹೊರಡಬೇಕಾಗಿದ್ದವರು ಜದ್ದನ್‌ಬಾಯಿಯನ್ನು ಮದುವೆಯಾಗಲು ಅದೆಲ್ಲವನ್ನೂ ಬಿಟ್ಟರು. ಇಸ್ಲಾಂ ಸ್ವೀಕರಿಸಿ ಅಬ್ದುಲ್ ರಶೀದ್ ಆದರು. ಮನೆಯವರು ಅವರ ಕೈಬಿಟ್ಟರು.

ಜದ್ದನ್‌ಬಾಯಿ ಎದೆಗಾರಿಕೆಯ ಹೆಂಗಸು. ಹಾಡುಗಾರಿಕೆಯಿಂದ ಚಲನಚಿತ್ರಕ್ಕೆ ಬಂದು ತಾವೇ ಒಂದು ಕಂಪನಿ ಕಟ್ಟಿದರು, ಸಂಗೀತ ಸಂಯೋಜಿಸಿದರು. ನಮ್ಮ ದೇಶದ ಸಿನಿಮಾದಲ್ಲಿ ಸಂಗೀತ ನಿರ್ದೇಶನ ಮಾಡಿದ ಮೊದಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. 1935ರ 'ತಲಾಶ್-ಎ-ಹಕ್' ಚಿತ್ರದಲ್ಲಿ ಆರು ವರ್ಷದ ಮಗಳನ್ನು 'ಬೇಬಿ ನರ್ಗಿಸ್' ಎಂಬ ಹೆಸರಿನಲ್ಲಿ ತೆರೆಯ ಮೇಲೆ ತಂದರು. ಆ ಹೆಸರೇ ಕೊನೆಯವರೆಗೆ ಉಳಿಯಿತು.

ಮಗಳ ಆಸೆ ಬೇರೆಯೇ ಇತ್ತು. ಮುಂಬಯಿಯ ಶಾಲೆಯಲ್ಲಿ ಓದುತ್ತಿದ್ದ ಆ ಹುಡುಗಿಗೆ ಡಾಕ್ಟರಾಗುವ ಕನಸು. ತಂದೆ ಅರ್ಧಕ್ಕೆ ಬಿಟ್ಟ ಕನಸು ಮಗಳ ಮನಸ್ಸಿನಲ್ಲಿ ಮತ್ತೆ ಚಿಗುರಿತ್ತು ಎನ್ನೋಣ. ಆದರೆ ಮನೆ ನಡೆಯಬೇಕಲ್ಲ! ನಿರ್ದೇಶಕ ಮೆಹಬೂಬ್ ಖಾನ್ ತಮ್ಮ 'ತಕ್ದೀರ್' ಚಿತ್ರಕ್ಕೆ ಅವಳನ್ನು ನಾಯಕಿಯನ್ನಾಗಿ ಆರಿಸಿದರು. 1943ರಲ್ಲಿ ಚಿತ್ರ ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ಎದುರಿಗೆ ನಾಯಕ ಮೋತಿಲಾಲ್. 'ತಕ್ದೀರ್' ಎಂದರೆ ವಿಧಿ. ಪುಸ್ತಕದ ಚೀಲ ಅಂದಿಗೆ ಮೂಲೆ ಸೇರಿತು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಹದಿನಾಲ್ಕರ ವಯಸ್ಸಿನಲ್ಲಿ ದುಡಿದು ತರುವ ಮಗಳು ಎಂದರೆ ಮನೆಯವರಿಗೆ ಹೆಮ್ಮೆಯೋ ನೋವೋ? ನಮ್ಮ ಸೋಲಾಪುರದ ಗಿರಣಿ ಚಾಳುಗಳಲ್ಲಿ ಬೀಡಿ ಸುತ್ತಿ ತಮ್ಮಂದಿರನ್ನು ಓದಿಸಿದ ಅಕ್ಕಂದಿರನ್ನು ನಾವು ಕಂಡಿದ್ದೇವೆ. ಬೆಳಕು ಬೇರೆ ಇರಬಹುದು, ಕಥೆ ಒಂದೇ.

ಬೆಳಕು ಮತ್ತು ನೆರಳು

1949 ನರ್ಗಿಸ್ ಬದುಕಿನಲ್ಲಿ ದೊಡ್ಡ ವರ್ಷ. ಆ ವರ್ಷ ತಾಯಿ ಜದ್ದನ್‌ಬಾಯಿ ತೀರಿಕೊಂಡರು. ಅದೇ ವರ್ಷ ಮೆಹಬೂಬರ 'ಅಂದಾಜ್' ಮತ್ತು ರಾಜ್ ಕಪೂರರ 'ಬರ್ಸಾತ್' ಬಂದವು. ಇಪ್ಪತ್ತರ ಪ್ರಾಯದಲ್ಲಿ ಆಕೆ ದೇಶದ ಅತಿ ದೊಡ್ಡ ತಾರೆಯರಲ್ಲಿ ಒಬ್ಬರಾದರು. 'ಬರ್ಸಾತ್'ನ ಒಂದು ಭಂಗಿಯೇ ಆರ್.ಕೆ. ಸಂಸ್ಥೆಯ ಲಾಂಛನವಾಯಿತು: ನಾಯಕನ ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಿನಲ್ಲಿ ನಾಯಕಿ. 1951ರ 'ಆವಾರಾ', 1955ರ 'ಶ್ರೀ 420' ಈ ಜೋಡಿಯನ್ನು ಮಾಸ್ಕೋದವರೆಗೂ ಮನೆಮಾತಾಗಿಸಿದವು.

ಮೊದಲ ಭೇಟಿಯ ಒಂದು ಪ್ರಸಂಗವನ್ನು ಹಳಬರು ಈಗಲೂ ಹೇಳುತ್ತಾರೆ. ಜದ್ದನ್‌ಬಾಯಿಯನ್ನು ಕಾಣಲು ರಾಜ್ ಕಪೂರ್ ಮನೆಗೆ ಬಂದಾಗ ಬಾಗಿಲು ತೆರೆದದ್ದು ನರ್ಗಿಸ್. ಒಲೆಯ ಮುಂದೆ ಪಕೋಡ ಕರಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಕೂದಲು ಸರಿಸಿಕೊಂಡರು, ಹಣೆಗೆ ಹಿಟ್ಟು ಮೆತ್ತಿಕೊಂಡಿತು. ಎಷ್ಟೋ ವರ್ಷಗಳ ನಂತರ, 1973ರಲ್ಲಿ, ರಾಜ್ ಕಪೂರ್ ಅದನ್ನೇ 'ಬಾಬಿ' ಚಿತ್ರದಲ್ಲಿ ಇಟ್ಟರು. ಆ ಚಿತ್ರದ ನಾಯಕಿ ಗೋವೆಯ ಮೂಲದ ಒಬ್ಬ ಬ್ರಗಾಂಜಾ, ಅಂದರೆ ನಮ್ಮವಳೇ ಆದ ಕ್ರೈಸ್ತ ಹುಡುಗಿ. ನಮ್ಮ ಮನೆಗಳಲ್ಲಿ ಅಂದು ಆ ಚಿತ್ರದ ಬಗ್ಗೆ ನಡೆದ ವಾದ ವಿವಾದಗಳನ್ನು ಹಿರಿಯರು ಮರೆತಿರಲಾರರು!

ರಾಜ್ ಕಪೂರ್ ವಿವಾಹಿತರು, ಮಕ್ಕಳಿದ್ದವರು. ಆದರೂ ಅವರಿಬ್ಬರ ನಡುವಿನ ಸ್ನೇಹ ತೆರೆಯ ಆಚೆಗೂ ವರ್ಷಗಟ್ಟಲೆ ಸಾಗಿತ್ತು ಎಂಬುದು ಗುಟ್ಟಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಬದುಕು ಬರೆದಂತಾಗುವುದಿಲ್ಲ. ಆಕೆ ಆ ಸಂಬಂಧದಲ್ಲಿ ಕಾದರು, ನೊಂದರು, 1956ರ ವೇಳೆಗೆ ಹೊರಗೆ ಬಂದರು. ಆ ವರ್ಷದ 'ಜಾಗ್ತೆ ರಹೋ' ಚಿತ್ರದ ಕೊನೆಯಲ್ಲಿ ಒಂದು ಚಿಕ್ಕ ಪಾತ್ರ. ರಾತ್ರಿಯಿಡೀ ಒಂದು ಗುಟುಕು ನೀರಿಗಾಗಿ ಅಲೆದ ಹಳ್ಳಿಯವನಿಗೆ ಬೆಳಗಿನ ಜಾವ ಬಿಳಿ ಸೀರೆಯ ಹೆಂಗಸೊಬ್ಬಳು ನೀರು ಹನಿಸುತ್ತಾಳೆ. ಆರ್.ಕೆ. ಸಂಸ್ಥೆಯ ಚಿತ್ರದಲ್ಲಿ ನರ್ಗಿಸ್ ಕಾಣಿಸಿಕೊಂಡದ್ದು ಅದೇ ಕೊನೆ. ಬಾಯಾರಿದವನಿಗೆ ನೀರು ಕೊಟ್ಟು ಆಕೆ ಆ ಅಂಗಳದಿಂದ ಹೊರಟುಹೋದರು.

ನಮ್ಮ ಗಡಿಯ ಕನ್ನಡಿಗರಿಗೆ ಇಷ್ಟವಾಗುವ ಇನ್ನೊಂದು ಮಾತು. 1957ರಲ್ಲಿ ಭಾರತ ಮತ್ತು ಸೋವಿಯತ್ ದೇಶ ಕೂಡಿ ತೆಗೆದ 'ಪರದೇಸಿ'ಯಲ್ಲಿ ನರ್ಗಿಸ್ ನಟಿಸಿದ್ದರು. ಅದು ಹದಿನೈದನೆಯ ಶತಮಾನದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್‌ನ ಕಥೆ. ಆ ನಿಕಿತಿನ್ ಬಹಮನಿ ಅರಸರ ಕಾಲದ ನಮ್ಮ ಬೀದರಿಗೆ ಬಂದು ಅಲ್ಲಿ ಕಂಡದ್ದನ್ನು ಬರೆದಿಟ್ಟವನು.

ಬೆಂಕಿಯಿಂದ ಬಂದ ಮದುವೆ

ಇನ್ನು 'ಮದರ್ ಇಂಡಿಯಾ'. ಮೆಹಬೂಬ್ ಖಾನ್ 1940ರಲ್ಲಿ ತಾವೇ ತೆಗೆದಿದ್ದ 'ಔರತ್' ಚಿತ್ರವನ್ನು ಮತ್ತೆ ಬಣ್ಣದಲ್ಲಿ ದೊಡ್ಡದಾಗಿ ತೆಗೆದರು. ಕಥೆ ಬಹುಪಾಲು ಓದುಗರಿಗೆ ಗೊತ್ತು. ರಾಧಾ ಎಂಬ ರೈತ ಹೆಂಗಸು. ಬಂಡೆಯ ಕೆಳಗೆ ಸಿಕ್ಕಿ ಗಂಡನ ಎರಡೂ ತೋಳು ಹೋಗುತ್ತವೆ. ಯಾರಿಗೂ ಭಾರವಾಗಬಾರದೆಂದು ಅವನು ಮನೆ ಬಿಟ್ಟು ಹೋಗುತ್ತಾನೆ. ಸಾಹುಕಾರ ಸುಖೀಲಾಲಾನ ಸಾಲ ತೀರುವುದಿಲ್ಲ. ಪ್ರವಾಹ ಬಂದು ಬೆಳೆ ಹೋಗುತ್ತದೆ, ಕೂಸು ಹೋಗುತ್ತದೆ. ಉಳಿದ ಇಬ್ಬರು ಗಂಡುಮಕ್ಕಳನ್ನು ಆಕೆ ನೇಗಿಲಿಗೆ ಹೆಗಲು ಕೊಟ್ಟು ಬೆಳೆಸುತ್ತಾಳೆ. ಕೊನೆಗೆ ಕಿರಿಯ ಮಗ ಬಿರ್ಜು ಡಕಾಯಿತನಾಗಿ ಸಾಹುಕಾರನ ಮಗಳನ್ನು ಹೊತ್ತೊಯ್ಯಲು ಬಂದಾಗ, ಊರಿನ ಹೆಣ್ಣಿನ ಮಾನ ಕಾಯಲು ತಾಯಿಯೇ ಅವನಿಗೆ ಗುಂಡಿಕ್ಕುತ್ತಾಳೆ.

ಮುದುಕಿಯ ಪಾತ್ರ ಮಾಡಿದಾಗ ನರ್ಗಿಸ್‌ಗೆ ಮೂವತ್ತೂ ತುಂಬಿರಲಿಲ್ಲ. ಬಿರ್ಜು ಆಗಿ ನಟಿಸಿದ ಸುನೀಲ್ ದತ್ ಆಕೆಗಿಂತ ಬರೀ ಐದು ದಿನ ಚಿಕ್ಕವರು! ಅವರು ದೇಶ ವಿಭಜನೆಯಲ್ಲಿ ಝೇಲಮ್ ಕಡೆಯ ಹಳ್ಳಿ ಬಿಟ್ಟು ಬಂದ ಕುಟುಂಬದವರು, ರೇಡಿಯೋ ಸಿಲೋನ್‌ನಲ್ಲಿ ಕೆಲಸ ಮಾಡಿ ಸಿನಿಮಾಕ್ಕೆ ಕಾಲಿಟ್ಟವರು.

1957ರ ಮಾರ್ಚ್‌ನಲ್ಲಿ ಗುಜರಾತಿನ ಸೂರತ್ ಕಡೆಯ ಉಮ್ರಾ ಎಂಬಲ್ಲಿ ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿ ಒಂದು ದೃಶ್ಯ ತೆಗೆಯುತ್ತಿದ್ದರು. ಗಾಳಿ ದಿಕ್ಕು ಬದಲಿಸಿತು. ನರ್ಗಿಸ್ ಬೆಂಕಿಯ ನಡುವೆ ಸಿಕ್ಕಿಕೊಂಡರು. ಸುನೀಲ್ ದತ್ ಒಳಗೆ ನುಗ್ಗಿ ಆಕೆಯನ್ನು ಹೊರಗೆ ತಂದರು. ಅವರಿಗೆ ಸುಟ್ಟ ಗಾಯಗಳಾದವು, ಜ್ವರ ಬಂತು. ನರ್ಗಿಸ್ ಹಾಸಿಗೆಯ ಪಕ್ಕ ಕುಳಿತು ಆರೈಕೆ ಮಾಡಿದರು. ಡಾಕ್ಟರಾಗದಿದ್ದರೇನು, ದಾದಿಯ ಕೈ ಆಕೆಗೆ ಹುಟ್ಟಿನಿಂದ ಬಂದಿತ್ತು. ಸುನೀಲರ ತಂಗಿ ಕಾಯಿಲೆ ಬಿದ್ದಾಗಲೂ ಯಾರಿಗೂ ಹೇಳದೆ ವೈದ್ಯರ ಬಳಿ ಕರೆದೊಯ್ದು ಚಿಕಿತ್ಸೆ ಕೊಡಿಸಿದ್ದರಂತೆ. ಆ ಸಹಜ ದಯೆಯೇ ಸುನೀಲರ ಮನಸ್ಸನ್ನು ಗೆದ್ದಿತು. 1958ರ ಮಾರ್ಚ್ 11ರಂದು ಅವರ ಮದುವೆಯಾಯಿತು.

'ಮದರ್ ಇಂಡಿಯಾ' 1957ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ ದೇಶವನ್ನೇ ಅಲುಗಿಸಿತು. ಆಸ್ಕರ್‌ಗೆ ಪರಭಾಷಾ ಚಿತ್ರ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಭಾರತದ ಮೊದಲ ಚಿತ್ರ ಅದು. ಪ್ರಶಸ್ತಿ ಇಟಲಿಯ ಫೆಲಿನಿಯವರ ಚಿತ್ರಕ್ಕೆ ಹೋಯಿತು. ನರ್ಗಿಸ್‌ಗೆ ಫಿಲ್ಮ್‌ಫೇರ್ ಪ್ರಶಸ್ತಿ, ಕಾರ್ಲೋವಿ ವಾರಿ ಉತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ, 1958ರಲ್ಲಿ ಪದ್ಮಶ್ರೀ ಬಂದವು. ಕೀರ್ತಿಯ ಈ ತುತ್ತತುದಿಯಲ್ಲಿ ಆಕೆ ಒಪ್ಪಿಕೊಂಡ ಚಿತ್ರಗಳನ್ನು ಮುಗಿಸಿ ಮನೆಗೆ ಹೋದರು. ಸಂಜಯ್, ನಮ್ರತಾ, ಪ್ರಿಯಾ ಹುಟ್ಟಿದರು.

1964ರಲ್ಲಿ ಸುನೀಲ್ ದತ್ ಒಬ್ಬರೇ ನಟಿಸಿದ 'ಯಾದೇಂ' ಬಂತು. ಅದರ ಕೊನೆಯಲ್ಲಿ ಹೆಂಡತಿ ಬರೀ ನೆರಳಾಗಿ ಕಾಣಿಸುತ್ತಾಳೆ. ಆ ನೆರಳು ನರ್ಗಿಸ್ ಅವರದು. ಆಮೇಲೆ 1967ರಲ್ಲಿ ತೆರೆಕಂಡ 'ರಾತ್ ಔರ್ ದಿನ್' ಅವರ ಕೊನೆಯ ಚಿತ್ರ. ಶ್ರೇಷ್ಠ ನಟಿಗೆ ಕೊಡುವ ರಾಷ್ಟ್ರ ಪ್ರಶಸ್ತಿ ಆರಂಭವಾದಾಗ ಅದನ್ನು ಮೊದಲು ಪಡೆದವರು ಇದೇ ಚಿತ್ರಕ್ಕಾಗಿ ನರ್ಗಿಸ್. ಹಗಲು ಶಾಂತ ಗೃಹಿಣಿ ವರುಣಾ, ರಾತ್ರಿ ಕುಡಿದು ಕುಣಿಯುವ ಪೆಗ್ಗಿ, ಒಬ್ಬಳಲ್ಲೇ ಇಬ್ಬರು. ಅಭಿನಯ ಅಮೋಘ. ಆದರೂ ನಮ್ಮ ಒಂದು ಚಿಕ್ಕ ಮುನಿಸು ಇದೆ. ಕುಡಿಯುವ, ಕುಣಿಯುವ ಹೆಣ್ಣು ಬಂದ ತಕ್ಷಣ ಅವಳಿಗೆ ಪೆಗ್ಗಿ, ಲಿಲ್ಲಿ, ರೋಜಿ ಎಂದು ಹೆಸರಿಡುವುದು ಅಂದಿನ ಹಿಂದಿ ಸಿನಿಮಾದ ಚಾಳಿ. ನಮ್ಮ ಅಮ್ಮಂದಿರಾದ ಪೆಗ್ಗಿ, ಲಿಲ್ಲಿ, ರೋಜಿಯರು ಬೆಳಿಗ್ಗೆ ಐದಕ್ಕೆದ್ದು ರೊಟ್ಟಿ ಬಡಿದು ಪೂಜೆಗೆ ಹೋಗುವವರು ಎಂದು ಆ ಕಥೆಗಾರರಿಗೆ ಯಾರು ಹೇಳಬೇಕಿತ್ತು!

ಸಾರ್ವಜನಿಕ ಬದುಕು

ಮನೆಗೆ ಹೋದ ನರ್ಗಿಸ್ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಪತಿಯ ಜೊತೆ ಅಜಂತಾ ಕಲಾ ತಂಡ ಕಟ್ಟಿ, ಹೆಸರಾಂತ ನಟರನ್ನೂ ಗಾಯಕರನ್ನೂ ಕರೆದುಕೊಂಡು ಹಿಮದ ಗಡಿಗಳಲ್ಲಿದ್ದ ಸೈನಿಕರ ಮುಂದೆ ಕಾರ್ಯಕ್ರಮ ಕೊಟ್ಟರು. 1972ರಲ್ಲಿ ಮುಂಬಯಿಯಲ್ಲಿ ಮಿಥು ಅಲೂರ್ ಅವರು ಮೆದುಳಿನ ಪಾರ್ಶ್ವವಾಯು ಇರುವ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಆರಂಭಿಸಿದಾಗ ನರ್ಗಿಸ್ ಅದರ ಪೋಷಕಿಯಾದರು. ಅಂಥ ಮಕ್ಕಳನ್ನು ಮನೆಯ ಒಳಕೋಣೆಯಲ್ಲಿ ಅಡಗಿಸಿಡುತ್ತಿದ್ದ ಕಾಲ ಅದು.

1980ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. ಅಲ್ಲಿ ಅವರು ಎಲ್ಲರಿಗೂ ಮೆಚ್ಚಿಗೆಯಾಗುವಂತೆ ಮಾತಾಡಿದರು ಎಂದು ಹೇಳಲಾರೆವು. ಸತ್ಯಜಿತ್ ರಾಯ್ ಅವರು ಭಾರತದ ಬಡತನವನ್ನು ಹೊರದೇಶಗಳಿಗೆ ತೋರಿಸಿ ಹೆಸರು ಗಳಿಸುತ್ತಾರೆಂದು ಟೀಕಿಸಿ ದೊಡ್ಡ ವಿವಾದಕ್ಕೆ ಕಾರಣರಾದರು. ಮಣ್ಣು ತಿಂದ ಮಕ್ಕಳನ್ನೂ ನೇಗಿಲು ಎಳೆದ ತಾಯಿಯನ್ನೂ ತೋರಿಸಿಯೇ ತಮ್ಮ ಚಿತ್ರ ಆಸ್ಕರ್ ಬಾಗಿಲಿಗೆ ಹೋಗಿತ್ತೆಂಬುದು ಅವರಿಗೆ ಆಗ ಹೊಳೆಯಲಿಲ್ಲವೋ ಏನೋ. ದೊಡ್ಡವರೂ ತಪ್ಪಿ ಮಾತಾಡುತ್ತಾರೆ. ಹಾಗೆಂದು ಅವರು ಮಾಡಿದ ಒಳ್ಳೆಯದು ಅಳಿಸಿಹೋಗುವುದಿಲ್ಲ.

ಕೊನೆಯ ಒಂಬತ್ತು ತಿಂಗಳು

ಅದೇ 1980ರಲ್ಲಿ ರಾಜ್ಯಸಭೆಯ ಅಧಿವೇಶನದ ಸಮಯದಲ್ಲಿ ಆಕೆ ಅಸ್ವಸ್ಥರಾದರು. ಮೊದಲು ಕಾಮಾಲೆ ಎಂದುಕೊಂಡರು. ತೂಕ ಇಳಿಯುತ್ತಲೇ ಹೋಯಿತು. ಪರೀಕ್ಷೆಗಳ ನಂತರ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಜಠರದ ಹಿಂದೆ ಆಳದಲ್ಲಿ ಅಡಗಿರುವ ಈ ಗ್ರಂಥಿಗೆ ರೋಗ ತಗುಲಿದರೆ ಬಹಳ ಸಲ ತಡವಾಗಿಯೇ ಪತ್ತೆಯಾಗುತ್ತದೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಪತಿ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಊರಿಗೆ ಮರಳಿದ ಮೇಲೆ ಕಾಯಿಲೆ ಉಲ್ಬಣಿಸಿತು. 1981ರ ಮೇ 3ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಐವತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು. ಮರೀನ್ ಲೈನ್ಸ್‌ನ ಬಡಾ ಕಬರಸ್ತಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಮಗ ಸಂಜಯ್ ನಾಯಕನಾದ ಮೊದಲ ಚಿತ್ರ 'ರಾಕಿ' ತೆರೆಗೆ ಬರಲು ಕೆಲವೇ ದಿನಗಳು ಉಳಿದಿದ್ದವು. ಮಗನ ಚಿತ್ರ ನೋಡಬೇಕೆಂಬುದು ತಾಯಿಯ ದೊಡ್ಡ ಆಸೆಯಾಗಿತ್ತು. ಮೊದಲ ಪ್ರದರ್ಶನದ ದಿನ ಸಭಾಂಗಣದಲ್ಲಿ ಆಕೆಗಾಗಿ ಒಂದು ಆಸನವನ್ನು ಖಾಲಿ ಬಿಟ್ಟಿದ್ದರು.

ಆ ಮಗ ಆಗಲೇ ಮಾದಕ ವಸ್ತುಗಳ ಬಲೆಗೆ ಬಿದ್ದಿದ್ದ. ತಾಯಿ ಸತ್ತಾಗ ತನಗೆ ಅಳು ಬರಲಿಲ್ಲ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆಸ್ಪತ್ರೆಯ ಹಾಸಿಗೆಯಿಂದ ನರ್ಗಿಸ್ ತಮ್ಮ ಧ್ವನಿಯನ್ನು ಟೇಪಿನಲ್ಲಿ ಮುದ್ರಿಸಿ ಇಟ್ಟಿದ್ದರು. ವರ್ಷಗಳು ಕಳೆದ ಮೇಲೆ ಸಂಜಯ್ ಆ ಧ್ವನಿ ಕೇಳಿದರು. ಬುದ್ಧಿಮಾತು, ಮಮತೆ, ಆತಂಕ ಎಲ್ಲವೂ ಅದರಲ್ಲಿತ್ತು. ಅಂದು ಕಟ್ಟೆಯೊಡೆದು ಅತ್ತೆನೆಂದು ಹೇಳಿದ್ದಾರೆ. ತೆರೆಯ ಮೇಲೆ ದಾರಿ ತಪ್ಪಿದ ಮಗನಿಗೆ ಗುಂಡಿಕ್ಕಿದ ತಾಯಿ, ನಿಜ ಜೀವನದಲ್ಲಿ ದಾರಿ ತಪ್ಪಿದ ಮಗನಿಗೆ ತನ್ನ ಧ್ವನಿ ಬಿಟ್ಟುಹೋಗಿದ್ದರು. ಮುಂದೆಯೂ ಆ ಮಗನ ದಾರಿ ಸುಗಮವಾಗಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ 2016ರಲ್ಲಿ ಹೊರಬಂದರು. 2020ರಲ್ಲಿ ಅವರಿಗೂ ಕ್ಯಾನ್ಸರ್ ಬಂದು ಗುಣವಾಯಿತು. ಮಕ್ಕಳ ವಿಷಯದಲ್ಲಿ ಕಂಗಾಲಾದ ತಾಯಂದಿರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ನಾವು ಹೇಳುವುದು ಇಷ್ಟೇ: ನೀವು ಆಡಿದ ಮಾತು ಇಂದು ಕಿವಿಗೆ ಬೀಳದಿರಬಹುದು, ವ್ಯರ್ಥವಂತೂ ಆಗುವುದಿಲ್ಲ.

ಹೆಸರು ಬಾರ್ಶಿಗೆ ಬಂದದ್ದು

ಹೆಂಡತಿ ಹೋದ ಮೇಲೆ ಸುನೀಲ್ ದತ್ ದುಃಖವನ್ನು ದುಡಿಮೆಯಾಗಿ ಮಾಡಿಕೊಂಡರು. ಆಕೆಯ ಹೆಸರಿನಲ್ಲಿ ಕ್ಯಾನ್ಸರ್ ಪ್ರತಿಷ್ಠಾನ ಕಟ್ಟಿ, ಅಮೆರಿಕದಲ್ಲಿದ್ದ ಭಾರತೀಯರಿಂದ ಹಣ ಕೂಡಿಸಿ, ಇಲ್ಲಿನ ಆಸ್ಪತ್ರೆಗಳಿಗೆ ಉಪಕರಣಗಳನ್ನು ಕಳಿಸುವ ಏರ್ಪಾಡು ಮಾಡಿದರು. 1982ರಲ್ಲಿ ರಕ್ತದ ಕ್ಯಾನ್ಸರ್ ಪೀಡಿತ ಹುಡುಗಿಯ ಕಥೆಯ 'ದರ್ದ್ ಕಾ ರಿಶ್ತಾ' ಚಿತ್ರ ತೆಗೆದು ಅದರ ಗಳಿಕೆಯನ್ನು ಟಾಟಾ ಆಸ್ಪತ್ರೆಗೆ ಕೊಟ್ಟರು. ಆ ಚಿತ್ರದ ಪುಟ್ಟ ಹುಡುಗಿಯೇ ಮುಂದೆ ನಮ್ಮ ಕನ್ನಡದ 'ರಣಧೀರ'ದಲ್ಲಿ ನಾಯಕಿಯಾದ ಖುಷ್ಬು. ಸಂಸದರಾಗಿ, ಕೊನೆಗೆ ಕೇಂದ್ರ ಸಚಿವರಾಗಿ ದುಡಿದ ಸುನೀಲ್ ದತ್ 2005ರ ಮೇ 25ರಂದು ತೀರಿಕೊಂಡರು. ಅದೂ ಮೇ ತಿಂಗಳೇ.

ಇತ್ತ ನಮ್ಮ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1980ರ ದಶಕದ ಆರಂಭದಲ್ಲಿ ಡಾ. ಬಿ. ಎಂ. ನೇನೆ ಮತ್ತು ಅವರ ಸಂಗಡಿಗರು ಹಳ್ಳಿಯವರಿಗಾಗಿ ಕ್ಯಾನ್ಸರ್ ಆಸ್ಪತ್ರೆ ಕಟ್ಟಿ ನರ್ಗಿಸ್ ದತ್ ಸ್ಮಾರಕವೆಂದು ಹೆಸರಿಟ್ಟರು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಕೈಜೋಡಿಸಿತು. ಕ್ಯಾನ್ಸರ್ ಆಸ್ಪತ್ರೆ ಎಂದರೆ ಮಹಾನಗರದಲ್ಲೇ ಇರಬೇಕು ಎಂದಿದ್ದ ಕಾಲದಲ್ಲಿ ಜೋಳದ ಹೊಲಗಳ ನಡುವೆ ಇದು ಎದ್ದಿತು. 1987ರಲ್ಲಿ ಇಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಯಾವ ಹಳ್ಳಿಯಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂದು ಲೆಕ್ಕ ಇಡುವ ಕೆಲಸ ಅದು. ಗ್ರಾಮೀಣ ಭಾರತದಲ್ಲಿ ಇಂಥದ್ದು ಅದೇ ಮೊದಲು.

ಲೆಕ್ಕ ಬರೆಯಲು ಹೋದ ಕಾರ್ಯಕರ್ತರು ಬರೀ ಬರೆದುಕೊಂಡು ಬರಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರನ್ನು ಕೂಡಿಸಿ ಮಾತಾಡಿದರು. ಮುಟ್ಟಿನ ನಡುವೆ ರಕ್ತ ಹೋದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಇದ್ದರೆ ತಡಮಾಡದೆ ಬನ್ನಿ ಎಂದು ಹೇಳಿದರು. ಪರಿಣಾಮ ಏನಾಯಿತೆಂದರೆ, ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇರುವವರು ಮೊದಲಿಗಿಂತ ಬೇಗನೆ, ರೋಗ ಇನ್ನೂ ಗುಣವಾಗುವ ಹಂತದಲ್ಲೇ ಆಸ್ಪತ್ರೆಗೆ ಬರತೊಡಗಿದರು. ಯಂತ್ರವಿಲ್ಲ, ಔಷಧವಿಲ್ಲ, ಬರೀ ಮಾತು ಮಾಡಿದ ಕೆಲಸ ಇದು.

ಆಮೇಲೆ ಇನ್ನೂ ದೊಡ್ಡ ಕೆಲಸ ನಡೆಯಿತು. ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, ಬಾರ್ಶಿಯ ಆಸ್ಪತ್ರೆ, ಟಾಟಾ ಕೇಂದ್ರ ಮತ್ತು ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕೂಡಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದವು. ಗರ್ಭಕೊರಳಿನ ಕ್ಯಾನ್ಸರ್ ಬಹುತೇಕ ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಆ ವೈರಸ್ ಇದೆಯೇ ಎಂದು ಒಂದೇ ಒಂದು ಸಲ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪು ಒಂದು. ಅದರಲ್ಲಿ ಸುಮಾರು 34 ಸಾವಿರ ಹೆಂಗಸರಿದ್ದರು, ಈ ಕ್ಯಾನ್ಸರಿನಿಂದ ತೀರಿಕೊಂಡವರು 34. ಪರೀಕ್ಷೆ ನಡೆಸದೆ ತಿಳುವಳಿಕೆಯನ್ನಷ್ಟೇ ಕೊಟ್ಟ ಗುಂಪಿನಲ್ಲಿ 31 ಸಾವಿರ ಚಿಲ್ಲರೆ ಹೆಂಗಸರು, ತೀರಿಕೊಂಡವರು 64. ಪರೀಕ್ಷೆಯಿಲ್ಲದ ಗುಂಪೊಂದನ್ನು ಹಾಗೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆಯನ್ನು ಆಮೇಲೆ ಹಲವರು ಎತ್ತಿದರು. ಎತ್ತಬೇಕಾದ ಪ್ರಶ್ನೆಯೇ ಅದು. ಆದರೆ 2009ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಲೋಕದ ವೈದ್ಯರೆಲ್ಲ ಓದಿದರು. ಒಂದೇ ಪರೀಕ್ಷೆ ಸಾವನ್ನು ಅರ್ಧಕ್ಕೆ ಇಳಿಸಬಲ್ಲದೆಂದು ಲೋಕಕ್ಕೆ ತೋರಿಸಿಕೊಟ್ಟವರು ಬಡೇ ಶಹರದ ವಿದ್ಯಾವಂತೆಯರಲ್ಲ, ನಮ್ಮ ಪಕ್ಕದ ಹಳ್ಳಿಗಳ ಹೆಂಗಸರು.

ನರ್ಗಿಸ್‌ಗೆ ಬಂದ ಕ್ಯಾನ್ಸರ್ ಬೇರೆ, ಇದು ಬೇರೆ. ಅದು ಅಡಗಿ ಕೊಲ್ಲುವಂಥದ್ದು. ಇದು ಮಾತ್ರ ವರ್ಷಗಟ್ಟಲೆ ಸೂಚನೆ ಕೊಟ್ಟು ಬರುವಂಥದ್ದು, ಬೇಗ ಹಿಡಿದರೆ ಗುಣವಾಗುವಂಥದ್ದು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡಬಹುದಾದ ಲಸಿಕೆಯೂ ಇದೆ, ಪುಣೆಯಲ್ಲೇ ತಯಾರಾಗುತ್ತದೆ.

ನಮ್ಮ ಬಸ್ಸಿನ ಕಥೆಗೆ ಬರೋಣ. ಆ ತಾಯಿಯನ್ನು ನೋಡಿದ ವೈದ್ಯರು ಬಹಳ ತಡವಾಗಿದೆ ಎಂದರು. ಒಂದು ವರ್ಷ ಮೊದಲು ಬಂದಿದ್ದರೆ ಎಂದು ಅವರು ಹೇಳುವಾಗ ಮಗ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ. ಚಿಕಿತ್ಸೆ ಕೊಟ್ಟರು, ನೋವು ಕಡಿಮೆ ಮಾಡಿದರು. ಎಂಟು ತಿಂಗಳು ಇದ್ದರು. ಕೊನೆಯ ದಿನಗಳಲ್ಲಿ ಮಗಳನ್ನೂ ಸೊಸೆಯನ್ನೂ ಹತ್ತಿರ ಕರೆದು, "ನಾನು ನಾಚಿಕೆ ಪಟ್ಟೆ. ನೀವು ಪಡಬೇಡಿ" ಎಂದಿದ್ದರು. ಅವರ ಬಳಿ ಟೇಪು ಇರಲಿಲ್ಲ. ಆದರೆ ಆ ಮಾತು ಉಳಿಯಿತು. ಮಗಳು, ಸೊಸೆ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಸೊಸೆಯಲ್ಲಿ ಆರಂಭದ ಲಕ್ಷಣ ಕಂಡು, ಸಣ್ಣ ಚಿಕಿತ್ಸೆಯಲ್ಲೇ ವಾಸಿಯಾಯಿತು. ಆಕೆಯ ಮಕ್ಕಳು ಈಗ ನಮ್ಮ ಪೀಠ ಬಾಲಕರು.

ರಾಷ್ಟ್ರೀಯ ಭಾವೈಕ್ಯದ ಉತ್ತಮ ಚಿತ್ರಕ್ಕೆ ಕೊಡುತ್ತಿದ್ದ ರಾಷ್ಟ್ರ ಪ್ರಶಸ್ತಿಗೆ ದಶಕಗಳ ಕಾಲ ನರ್ಗಿಸ್ ದತ್ ಹೆಸರಿತ್ತು. 2024ರಲ್ಲಿ ಪ್ರಶಸ್ತಿಗಳ ನಿಯಮ ಬದಲಿಸಿದಾಗ ಆ ಹೆಸರನ್ನು ತೆಗೆದರು. ಪ್ರಶಸ್ತಿಗೆ ಹೆಸರು ಬರುವುದು, ಹೋಗುವುದು ಸರಕಾರದ ಕೈಯಲ್ಲಿರುವ ಮಾತು. ಡಾಕ್ಟರಾಗಬೇಕೆಂದಿದ್ದ ಆ ಹುಡುಗಿಯ ಹೆಸರು ಸೇರಬೇಕಾದ ಜಾಗಕ್ಕೇ ಸೇರಿದೆ ಎಂದು ನಮಗೆ ಅನ್ನಿಸುತ್ತದೆ. ಬಾರ್ಶಿಯ ಬಸ್ಸಿನಿಂದ ಇಳಿದ ಹಳ್ಳಿಯ ಹೆಂಗಸು ಅಕ್ಷರ ಕೂಡಿಸಿ ಅದನ್ನು ಓದುತ್ತಾಳೆ.

ಓದುಗರಲ್ಲಿ ನಮ್ಮದೊಂದು ಕೋರಿಕೆ. ಈ ಮೇ ತಿಂಗಳಲ್ಲಿ ಒಂದು ಸಂಜೆ, ಜಪಮಾಲೆ ಮುಗಿದು ಊಟಕ್ಕೆ ಕೂರುವ ಮೊದಲು, ಮನೆಯ ಗಂಡಸರು ತಮ್ಮ ತಾಯಿಯನ್ನೋ ಹೆಂಡತಿಯನ್ನೋ ಪಕ್ಕಕ್ಕೆ ಕರೆದು, "ನಿನಗೇನಾದರೂ ತೊಂದರೆ ಇದೆಯಾ?" ಎಂದು ಕೇಳಿ. "ಏನಿಲ್ಲ" ಎಂದು ಅವರು ಹೇಳುತ್ತಾರೆ. ಇನ್ನೊಮ್ಮೆ ಕೇಳಿ.